ಓದುಗರು ಬರೆದಿದ್ದಕ್ಕೆ ಲೈಬ್ರರಿ ಉತ್ತರ ಕೊಡ್ಬೇಕು

ಕೆಲವು ವರ್ಷದ ಹಿಂದೆ ನಾನು ಕೆಲಸ ಮಾಡ್ತಿದ್ದ ಲೈಬ್ರರಿಯ ವೆಬ್‌ಸೈಟಿಗೆ ಒಂದು ಚಾಟ್ ಬಾಕ್ಸ್ ಹಾಕಿದ್ವಿ. ಪೇಜಿನ ಬಲಗಡೆ ಕೆಳಗೆ ಪುಟ್ಟ ಚೌಕ, ಅದರ ಮೇಲೊಂದು ಹಸಿರು ಚುಕ್ಕೆ, ಪಕ್ಕದಲ್ಲಿ "ಏನು ಬೇಕಿತ್ತು? ಕೇಳಿ" ಅಂತ ಒಂದು ಸಾಲು. ವಾರ ಕಳೆದ ಮೇಲೆ ಬಂದಿರೋ ಮೆಸೇಜೆಲ್ಲ ತೆಗೆದು ಓದ್ತಾ ಕೂತಿದ್ದಾಗ ಒಂದು ಕಣ್ಣಿಗೆ ಬಿತ್ತು. ರಾತ್ರಿ 10:40ಕ್ಕೆ ಒಬ್ಬ ವಿದ್ಯಾರ್ಥಿ ಕೇಳಿದಾನೆ, "ಸರ್ ಮನೆಯಿಂದ ಜರ್ನಲ್ ಓಪನ್ ಆಗ್ತಿಲ್ಲ, ಪಾಸ್‌ವರ್ಡ್ ಸರಿಯಾಗೇ ಹಾಕ್ತಿದೀನಿ, ನಾಳೆ ಬೆಳಿಗ್ಗೆ ಸಬ್ಮಿಷನ್ ಇದೆ". ನಾಲ್ಕು ನಿಮಿಷ ಬಿಟ್ಟು "ಯಾರಾದ್ರೂ ಇದೀರಾ". ಇನ್ನೊಂದು ಹತ್ತು ನಿಮಿಷ ಬಿಟ್ಟು "ಓಕೆ". ಅಷ್ಟೇ. ಹಸಿರು ಚುಕ್ಕೆ ಮಾತ್ರ ರಾತ್ರಿಯೆಲ್ಲ ಉರೀತಾನೇ ಇತ್ತು, ಯಾಕಂದ್ರೆ ಕೌಂಟರಿನ ಕಂಪ್ಯೂಟರಲ್ಲಿ ಲಾಗೌಟ್ ಮಾಡದೇ ಎಲ್ರೂ ಮನೆಗೆ ಹೋಗಿದ್ವಿ.

ಆ "ಓಕೆ" ನನ್ನನ್ನ ತುಂಬ ದಿನ ಕಾಡ್ತು. ಚಾಟ್ ಬಾಕ್ಸೇ ಇಲ್ದೇ ಹೋಗಿದ್ರೆ ಆ ಹುಡುಗ ಯಾರಾದ್ರೂ ಸ್ನೇಹಿತರಿಗೆ ಫೋನ್ ಮಾಡ್ತಿದ್ದ, ಬೇರೆ ದಾರಿ ಹುಡುಕ್ತಿದ್ದ. ನಾವೇ ಬಾ ಅಂತ ಕರೆದು, ಬಾಗಿಲಲ್ಲಿ ನಿಲ್ಲಿಸಿ, ಕಾಯಿಸಿ, ಬರಿಗೈಲಿ ಕಳಿಸಿದ್ವಿ. ಲೈಬ್ರರಿಗಳು ವೆಬ್ ಟೂಲ್‌ಗಳನ್ನ ಹೇಗೆ ಬಳಸ್ಬೇಕು ಅನ್ನೋ ಮಾತು ಬಂದಾಗಲೆಲ್ಲ ನನಗೆ ಮೊದಲು ನೆನಪಾಗೋದು ಇದೇ. ಪೋಲ್ ಹಾಕಿ, ಕ್ವಿಝ್ ಮಾಡಿ, ಗೋಡೆಗೆ ಚೀಟಿ ಅಂಟಿಸೋ ಥರದ ಬೋರ್ಡ್ ಇಡಿ ಅಂತ ಸಲಹೆಗಳು ಬೇಕಾದಷ್ಟು ಸಿಗುತ್ತೆ, ಅದೆಲ್ಲ ಒಳ್ಳೇದೇ. ಆದ್ರೆ ಟೂಲ್ ಯಾವ್ದೇ ಇರ್ಲಿ, ಓದುಗರು ತಮ್ಮ ಕೈಯಿಂದ ಏನೋ ಒಂದು ಕೊಟ್ಟಾಗ ಅದು ಲೈಬ್ರರಿ ಒಳಗೆ ಒಬ್ಬರ ಕೈಗೆ ತಲುಪಬೇಕು, ಅದರಿಂದ ಏನೋ ಒಂದು ಬದಲಾಗಬೇಕು, ಬದಲಾಗಿದ್ದು ಅವರ ಕಣ್ಣಿಗೆ ಕಾಣಬೇಕು. ಇಷ್ಟಾದ್ರೆ ಜನ ತಾವಾಗೇ ಮತ್ತೆ ಬರ್ತಾರೆ ಅನ್ನೋದು ನನ್ನ ಗಟ್ಟಿ ನಂಬಿಕೆ.

ಇದನ್ನ ಎಲ್ರಿಗಿಂತ ಚೆನ್ನಾಗಿ ಮಾಡಿ ತೋರಿಸಿದ್ದು ಆಸ್ಟ್ರೇಲಿಯಾದ ನ್ಯಾಷನಲ್ ಲೈಬ್ರರಿ. ಹಳೇ ಪತ್ರಿಕೆಗಳನ್ನ ಸ್ಕ್ಯಾನ್ ಮಾಡಿ ಆನ್‌ಲೈನ್‌ಗೆ ಹಾಕೋ ಕೆಲಸ ಶುರು ಮಾಡಿದ್ರು, ಈಗ ಅದು ಟ್ರೋವ್ ಅನ್ನೋ ಹೆಸರಲ್ಲಿದೆ. ಸ್ಕ್ಯಾನ್ ಆದ ಪುಟವನ್ನ ಕಂಪ್ಯೂಟರ್ ಓದಿ ಅಕ್ಷರ ಮಾಡುತ್ತಲ್ಲ, ಓಸಿಆರ್ ಅಂತೀವಿ, ಅದು ಹಳೇ ಮುದ್ರಣದ ಮುಂದೆ ಸೋತು ಹೋಗುತ್ತೆ. ಕಾಗದ ಹಳದಿಯಾಗಿರುತ್ತೆ, ಹಿಂದಿನ ಪುಟದ ಶಾಯಿ ಈ ಕಡೆ ಇಣುಕಿರುತ್ತೆ, ಅಚ್ಚಿನ ಮೊಳೆ ಸವೆದಿರುತ್ತೆ. 2008ರಲ್ಲಿ ಅವರು ಏನು ಮಾಡಿದ್ರು ಅಂದ್ರೆ, ಆ ತಪ್ಪುಗಳನ್ನ ಮುಚ್ಚಿಡದೇ ಓದುಗರ ಮುಂದೇನೇ ಇಟ್ಟು, ನೀವೇ ತಿದ್ದಿ ಅಂದ್ರು. ಲಾಗಿನ್ ಕೂಡ ಕಡ್ಡಾಯ ಇರಲಿಲ್ಲ, ತಿದ್ದಿದ್ದನ್ನ ಯಾರೋ ಅಧಿಕಾರಿ ನೋಡಿ ಒಪ್ಪಿಗೆ ಕೊಡ್ಲಿ ಅಂತ ಕಾಯೋ ಹಾಗೂ ಇರಲಿಲ್ಲ.

ನಾನೊಂದು ಸಲ ಕುತೂಹಲಕ್ಕೆ ಅಲ್ಲಿ ಒಂದು ತುಣುಕು ತಿದ್ದೋಕೆ ಕೂತೆ. ಒಂದು ಕಡೆ ಪತ್ರಿಕೆಯ ಚಿತ್ರ, ಇನ್ನೊಂದು ಕಡೆ ಕಂಪ್ಯೂಟರ್ ಓದಿರೋ ಸಾಲುಗಳು. ಅದೊಂದು ಸಾವಿನ ಸುದ್ದಿ, ಆರೋ ಏಳೋ ಸಾಲು. ಇಂಗ್ಲಿಷಿನ ಆರ್ ಮತ್ತೆ ಎನ್ ಎರಡೂ ಅಂಟಿಕೊಂಡು ಎಮ್ ಆಗಿದ್ವು, ಸತ್ತವರ ಹೆಸರಿನ ಮೊದಲ ಅಕ್ಷರ ಎಚ್ ಇದ್ದಿದ್ದು ಬಿ ಅಂತ ಬಂದಿತ್ತು. ಅಂದ್ರೆ ಆ ಮನುಷ್ಯನ ಮೊಮ್ಮಗಳೋ ಮರಿಮಗನೋ ಯಾವತ್ತಾದ್ರೂ ಹೆಸರು ಹಾಕಿ ಹುಡುಕಿದ್ರೆ ಈ ಸುದ್ದಿ ಸಿಗ್ತಾನೇ ಇರಲಿಲ್ಲ, ಸುದ್ದಿ ಇದ್ರೂ ಇಲ್ಲದ ಹಾಗೆ. ಒಂದೊಂದೇ ಸಾಲು ಚಿತ್ರ ನೋಡ್ಕೊಂಡು ತಿದ್ದಿ ಸೇವ್ ಒತ್ತಿದೆ. ನಾನು ಮುಟ್ಟಿದ ಸಾಲು ಲೈಬ್ರರಿಯದ್ದೇ ಪಠ್ಯವಾಗಿ ಅಲ್ಲೇ ಕೂತಿತು. ಆ ಖುಷಿ ಹೇಳೋಕಾಗಲ್ಲ. ಒಂದು ತುಣುಕು ಅಂತ ಕೂತೋಳು ಮೂರು ಮುಗಿಸಿ ಎದ್ದೆ.

ಜನ ಹಾಳು ಮಾಡಿಬಿಟ್ರೆ ಏನ್ ಗತಿ ಅನ್ನೋ ಭಯ ಎಲ್ಲ ಲೈಬ್ರರಿಗಳಲ್ಲೂ ಇದೆ, ಮೀಟಿಂಗಲ್ಲಿ ಮೊದಲು ಬರೋ ಪ್ರಶ್ನೆನೇ ಅದು. ಅಲ್ಲಿ ಹಳೇ ಆವೃತ್ತಿ ಅಳಿಸಿ ಹೋಗದೇ ಹಾಗೇ ಉಳೀತಿತ್ತು, ಯಾರಾದ್ರೂ ಕೆಡಿಸಿದ್ರೆ ವಾಪಸ್ ತರಬಹುದಿತ್ತು. ಆದ್ರೆ ಕೆಡಿಸೋದು ಹೆಚ್ಚುಕಮ್ಮಿ ನಡೀಲೇ ಇಲ್ಲ. ಮೊದಲ ವರ್ಷದಲ್ಲೇ ಲಕ್ಷಾಂತರ ಸಾಲು ತಿದ್ದಿದ್ರು, ಸಂಬಳ ಇಲ್ಲ, ಬಹುಮಾನ ಇಲ್ಲ. ಯಾರು ಎಷ್ಟು ಸಾಲು ತಿದ್ದಿದ್ರು ಅಂತ ಒಂದು ಪಟ್ಟಿ ಇತ್ತು ಅಷ್ಟೇ. ನಂಬಿ ಕೊಟ್ಟ ಕೆಲಸವನ್ನ ಜನ ಹಗುರವಾಗಿ ತಗೊಳ್ಳಲ್ಲ, ನಾನು ನೋಡಿರೋ ಮಟ್ಟಿಗಂತೂ ಇದು ನಿಜ.

ಇನ್ನೊಂದು ನನಗೆ ತುಂಬ ಇಷ್ಟವಾದದ್ದು ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯ ಮೆನು ಕಾರ್ಡುಗಳ ಕೆಲಸ. ಅವರ ಹತ್ರ ಹೋಟೆಲು, ಹಡಗು, ಔತಣಕೂಟಗಳ ಸುಮಾರು 45,000 ಹಳೇ ಮೆನು ಇವೆ. ಫ್ರಾಂಕ್ ಬಟಾಲ್ಫ್ ಅನ್ನೋ ಹೆಂಗಸು 1900ರಲ್ಲಿ ಲೈಬ್ರರಿಗೋಸ್ಕರ ಕೂಡಿಡೋಕೆ ಶುರು ಮಾಡಿದ್ದು. ಕೆಲವು ಕೈಬರಹದಲ್ಲಿವೆ, ಕೆಲವು ಬಳ್ಳಿ ಸುತ್ತಿದ ಅಲಂಕಾರದ ಅಕ್ಷರ, ಕಂಪ್ಯೂಟರಿಗೆ ತಲೆಬುಡ ಗೊತ್ತಾಗಲ್ಲ. ಏಪ್ರಿಲ್ 2011ರಲ್ಲಿ ಇದನ್ನ ವೆಬ್‌ನಲ್ಲಿಟ್ಟು, ಒಂದು ತಿಂಡಿ ಹೆಸರು, ಅದರ ಪಕ್ಕದ ಬೆಲೆ, ಇಷ್ಟನ್ನ ಮಾತ್ರ ಟೈಪ್ ಮಾಡಿ ಅಂತ ಕೇಳಿದ್ರು. ಇಡೀ ಕಾರ್ಡ್ ಮುಗಿಸಬೇಕು ಅಂತೇನಿಲ್ಲ, ಒಂದು ಸಾಲು ಮಾಡಿ ಎದ್ದು ಹೋಗಬಹುದು, ಉಳಿದಿದ್ದನ್ನ ಇನ್ಯಾರೋ ಮಾಡ್ತಾರೆ. ಹಾಗೆ ಸಾಲು ಸಾಲಾಗಿ ಹತ್ತು ಲಕ್ಷಕ್ಕೂ ಮೀರಿ ತಿಂಡಿ ನಮೂದುಗಳು ಬಂದ್ವು, ಆ ಡೇಟಾನ ಯಾರು ಬೇಕಾದ್ರೂ ಡೌನ್‌ಲೋಡ್ ಮಾಡ್ಕೊಳ್ಳೋ ಹಾಗೆ ಬಿಟ್ಟುಕೊಟ್ರು. ಒಂದು ಪದಾರ್ಥ ಯಾವಾಗ ಮೆನುಗೆ ಬಂತು, ಯಾವಾಗ ಮಾಯವಾಯ್ತು, ಬೆಲೆ ಎಷ್ಟು ಏರ್ತು ಅಂತ ಸಂಶೋಧನೆ ಮಾಡೋರಿಗೆ ಅದು ಗಣಿ. ಬಸ್ಸಿಗೆ ಕಾಯೋ ಹೊತ್ತಲ್ಲಿ ಒಂದು ಸಾಲು ಟೈಪ್ ಮಾಡಿದವರು ಕೂಡ ಆ ಗಣೀಲಿ ಒಂದು ಕಲ್ಲು ಇಟ್ಟ ಹಾಗೆ.

ಕೆಲಸ ಚಿಕ್ಕದಾಗಿರ್ಬೇಕು, ಪೂರ್ತಿಯಾಗಿರ್ಬೇಕು. ಎರಡೂ ಬೇಕು. ಚಿಕ್ಕದು ಅಂದ್ರೆ ಒಂದೆರಡು ನಿಮಿಷದಲ್ಲಿ ಮುಗಿಯೋದು, ಪೂರ್ತಿ ಅಂದ್ರೆ ಅಷ್ಟನ್ನೇ ಮಾಡಿ ನಿಲ್ಲಿಸಿದ್ರೂ ಅದಕ್ಕೆ ಬೆಲೆ ಇರೋದು. ನಾವು ಮಾಡೋ ಫಾರ್ಮುಗಳಲ್ಲಿ ಹೆಸರು, ಇಮೇಲು, ವಿಭಾಗ, ಫೋನ್ ನಂಬರು, ಐಡಿ ನಂಬರು ಅಂತ ಹನ್ನೆರಡು ಖಾನೆ ಇಟ್ಟು ಕೊನೇಲಿ "ನಿಮ್ಮ ಅಭಿಪ್ರಾಯ" ಅಂತ ಒಂದು ಡಬ್ಬಿ ಇಟ್ಟಿರ್ತೀವಿ, ಅಲ್ಲಿ ತನಕ ಯಾರು ಬರ್ತಾರೆ ಹೇಳಿ.

ಆಟದ ವಿಷಯಕ್ಕೆ ಬಂದ್ರೆ, ಪಾಯಿಂಟು ಬ್ಯಾಡ್ಜು ಅಂತ ಎಲ್ಲ ಕಡೆ ಹಾಕ್ತಿದ್ದಾರಲ್ಲ, ಅದರ ಬಗ್ಗೆ ನನಗೆ ಸ್ವಲ್ಪ ಹಿಂಜರಿಕೆ ಇದೆ. ಆದ್ರೂ ಫಿನ್ಲೆಂಡ್ ನ್ಯಾಷನಲ್ ಲೈಬ್ರರಿ 2011ರಲ್ಲಿ ಮಾಡಿದ ಡಿಜಿಟಾಲ್ಕೂಟ್ ಅನ್ನೋದನ್ನ ನೋಡಿ ಮನಸ್ಸು ಬದಲಾಯ್ತು. ಅದರಲ್ಲಿ ಒಂದು ಆಟ ಹೀಗಿತ್ತು: ಪುಟ್ಟ ಪುಟ್ಟ ಮೋಲ್‌ಗಳು, ಅಂದ್ರೆ ಮಣ್ಣು ತೋಡೋ ಪ್ರಾಣಿಗಳು, ನದಿ ದಾಟಬೇಕು, ನೀವು ಹಳೇ ಪತ್ರಿಕೆಯ ಒಂದು ಪದ ನೋಡಿ ಸರಿಯಾಗಿ ಟೈಪ್ ಮಾಡಿದ್ರೆ ಸೇತುವೆಗೆ ಒಂದು ತುಂಡು ಸೇರುತ್ತೆ, ತಪ್ಪಾದ್ರೆ ಸೇತುವೆ ಮುರೀತದೆ. ಲಕ್ಷಕ್ಕೂ ಹೆಚ್ಚು ಜನ ಆಡಿದ್ರು. ಆಡ್ತಾ ಇದ್ದಾಗ ಅವರು ಟೈಪ್ ಮಾಡಿದ ಪದಗಳು ಪತ್ರಿಕೆಯ ಪಠ್ಯ ತಿದ್ದೋಕೆ ಹೋಗ್ತಿದ್ವು. ಆಟದ ಒಳಗೆ ನಿಜವಾದ ಕೆಲಸ ಇತ್ತು, ಅದಕ್ಕೇ ನನಗೆ ಅದು ಬೇರೆ ಅನಿಸ್ತು. ಅಮೆರಿಕದ ಆನ್ ಆರ್ಬರ್ ಡಿಸ್ಟ್ರಿಕ್ಟ್ ಲೈಬ್ರರಿ ಕೂಡ 2011ರಿಂದ ಬೇಸಿಗೆ ಆಟ ನಡೆಸ್ತಿದೆ, ಅಲ್ಲಿ ಪುಸ್ತಕಕ್ಕೆ ವಿಮರ್ಶೆ ಬರೆದ್ರೆ, ಕ್ಯಾಟಲಾಗಿನಲ್ಲಿ ಟ್ಯಾಗ್, ಅಂದ್ರೆ ಪುಸ್ತಕಕ್ಕೆ ತಮಗೆ ತೋಚಿದ ಗುರುತಿನ ಪದ, ಹಾಕಿದ್ರೆ ಪಾಯಿಂಟು. ಅದೂ ಸರಿ, ಪಾಯಿಂಟು ಖಾಲಿ ಆದ್ಮೇಲೂ ವಿಮರ್ಶೆ ಉಳಿದಿರುತ್ತಲ್ಲ.

ಟ್ಯಾಗ್ ಅಂದಾಗ ನೆನಪಾಯ್ತು, ನಾವೂ ಒಂದು ಸಲ ನಮ್ಮ ಕ್ಯಾಟಲಾಗಿನಲ್ಲಿ ಟ್ಯಾಗ್ ಹಾಕೋ ಅವಕಾಶ ತೆರೆದು ಇಟ್ವಿ. ಒಂದು ವರ್ಷ ಆದ್ರೂ ಬೆರಳೆಣಿಕೆಯಷ್ಟೇ ಬಂದಿದ್ದು, ಅದ್ರಲ್ಲೂ ಕೆಲವು ಸಿಬ್ಬಂದಿಯೇ ಹಾಕಿದ್ದು. ಬೇಜಾರಾಗಿತ್ತು. ಆಮೇಲೆ ಅರ್ಥ ಆಯ್ತು, ಟ್ಯಾಗ್ ಅನ್ನೋದು ಒಂದೇ ಪುಸ್ತಕಕ್ಕೆ ನೂರಾರು ಜನ ಹಾಕಿದಾಗ ಮಾತ್ರ ಕೆಲಸಕ್ಕೆ ಬರೋದು, ಒಂದು ಸಣ್ಣ ಲೈಬ್ರರಿಗೆ ಅಷ್ಟು ಜನ ಯಾವತ್ತೂ ಸಿಗಲ್ಲ. ಅದಕ್ಕೇ ಲೈಬ್ರರಿಥಿಂಗ್ ಅನ್ನೋ, ಓದುಗರು ತಮ್ಮ ಪುಸ್ತಕಗಳ ಪಟ್ಟಿ ಮಾಡಿಡೋ ವೆಬ್‌ಸೈಟಿನವರು 2007ರಲ್ಲಿ ತಮ್ಮ ಸೈಟಲ್ಲಿ ಪ್ರಪಂಚದ ಓದುಗರೆಲ್ಲ ಹಾಕಿದ ಟ್ಯಾಗ್‌ಗಳನ್ನ ಲೈಬ್ರರಿ ಕ್ಯಾಟಲಾಗಿಗೆ ತಂದು ತೋರಿಸೋ ಸೌಲಭ್ಯ ಮಾಡಿದ್ದು. ಜನ ವೆಬ್‌ಸೈಟ್ ಹೇಗೆ ಬಳಸ್ತಾರೆ ಅಂತ ಅಧ್ಯಯನ ಮಾಡೋ ಯಾಕೋಬ್ ನೀಲ್ಸನ್ 2006ರಲ್ಲಿ ಬರೆದ ಲೆಕ್ಕ ಗೊತ್ತಿರಬಹುದು, ಆನ್‌ಲೈನಲ್ಲಿ ನೂರು ಜನ ಇದ್ರೆ ತೊಂಬತ್ತು ಜನ ಸುಮ್ನೆ ಓದ್ತಾರೆ, ಒಂಬತ್ತು ಜನ ಅಪರೂಪಕ್ಕೆ ಏನಾದ್ರೂ ಹಾಕ್ತಾರೆ, ಒಬ್ಬರು ಮಾತ್ರ ಬಿಡದೇ ಬರೀತಾರೆ. ಎರಡು ಸಾವಿರ ಸದಸ್ಯರಿರೋ ಲೈಬ್ರರಿಯಲ್ಲಿ ಇಪ್ಪತ್ತು ಜನ ಬಂದ್ರೆ ಅದು ಸೋಲೇನಲ್ಲ, ಆ ಇಪ್ಪತ್ತು ಜನರನ್ನ ಚೆನ್ನಾಗಿ ನೋಡ್ಕೊಂಡ್ರೆ ಸಾಕು.

ಹಾಗಾದ್ರೆ ಸಣ್ಣ ಲೈಬ್ರರಿ ಎಲ್ಲಿಂದ ಶುರು ಮಾಡ್ಬೇಕು? ನನ್ನ ಉತ್ತರ ಒಂದೇ, ಪುಸ್ತಕ ತರಿಸಿ ಅಂತ ಕೇಳೋ ಫಾರ್ಮಿನಿಂದ. ಹೊಸ ಟೂಲ್ ಹುಡುಕೋದೇ ಬೇಡ. ಕ್ಯಾಟಲಾಗು, ಪುಸ್ತಕ ಕೊಡು-ತಗೊಳ್ಳೋ ಲೆಕ್ಕ ನೋಡ್ಕೊಳ್ಳೋಕೆ ಕೊಹಾ ಬಳಸೋ ಲೈಬ್ರರಿಗಳಲ್ಲಿ ಇದು ಆಗಲೇ ಒಳಗೇ ಇದೆ. ನ್ಯೂಜಿಲೆಂಡಿನ ಒಂದು ಲೈಬ್ರರಿಗೋಸ್ಕರ ಮಾಡಿ 2000ನೇ ಇಸವಿ ಜನವರಿಯಲ್ಲಿ ಬಳಕೆಗೆ ಬಂದ ಸಾಫ್ಟ್‌ವೇರ್ ಅದು, ಈಗ ಎಲ್ಲೆಲ್ಲೂ ಇದೆ, ಉಚಿತ. ಅದರಲ್ಲಿ ಪುಸ್ತಕ ಸಲಹೆ, ಕಾಮೆಂಟು, ಟ್ಯಾಗು, ಓದುಗರ ಸ್ವಂತ ಪಟ್ಟಿಗಳು ಎಲ್ಲ ಇವೆ, ಸೆಟ್ಟಿಂಗಲ್ಲಿ ಆನ್ ಮಾಡ್ಬೇಕಷ್ಟೇ. ಎಷ್ಟೋ ಕಡೆ ಅದು ಆಫ್ ಆಗೇ ಬಿದ್ದಿರೋದನ್ನ ನೋಡಿದೀನಿ, ಹೊಟ್ಟೆ ಉರಿಯುತ್ತೆ.

ಓದುಗರು ಸಲಹೆ ಕಳಿಸಿದ ಮೇಲೆ ಅದು ಒಪ್ಪಿಗೆ ಆಯ್ತಾ, ಆರ್ಡರ್ ಆಯ್ತಾ, ಬಂತಾ, ಬೇಡ ಅಂದ್ರಾ ಅಂತ ಅವರ ಅಕೌಂಟಲ್ಲೇ ಕಾಣುತ್ತೆ, ಮೇಲ್ ಕೂಡ ಹೋಗೋ ಹಾಗೆ ಮಾಡಬಹುದು. ನಾವು ಮೊದಮೊದಲು ಬೇಡ ಅನ್ನಬೇಕಾದ್ರೆ ಸುಮ್ನೆ ರಿಜೆಕ್ಟೆಡ್ ಅಂತ ಒತ್ತಿಬಿಡ್ತಿದ್ವಿ, ಕಾರಣ ಬರೀತಿರಲಿಲ್ಲ. ಹಾಗೆ ಬೇಡ ಅನ್ನಿಸಿಕೊಂಡೋರು ಎರಡನೇ ಸಲ ಕೇಳ್ತಾನೇ ಇರಲಿಲ್ಲ. ಆಮೇಲೆ ಪ್ರತಿಯೊಂದಕ್ಕೂ ಕೈಯಾರೆ ಎರಡು ಸಾಲು ಬರೆಯೋದು ಅಂತ ನಿಯಮ ಮಾಡ್ಕೊಂಡ್ವಿ. ಈ ಪುಸ್ತಕದ ಅಚ್ಚು ನಿಂತಿದೆ, ಬೇರೆ ಲೈಬ್ರರಿಯಿಂದ ತರಿಸಿಕೊಡ್ತೀವಿ, ಅಥವಾ ಈ ವರ್ಷದ ಬಜೆಟ್ ಮುಗೀತು, ಮುಂದಿನ ಪಟ್ಟಿಗೆ ಸೇರಿಸಿದೀವಿ, ಹೀಗೆ. ಬೇಡ ಅನ್ನಿಸಿಕೊಂಡೋರೇ ಮತ್ತೆ ಮತ್ತೆ ಕೇಳೋಕೆ ಶುರು ಮಾಡಿದ್ರು.

ಒಂದು ಸಲ ಒಬ್ಬರು ಮಣ್ಣು ಪರೀಕ್ಷೆ ಬಗ್ಗೆ ಒಂದು ಪುಸ್ತಕ ತರಿಸಿ ಅಂತ ಕೇಳಿದ್ರು. ನೋಡಿದ್ರೆ ಅದೇ ಪುಸ್ತಕ ನಮ್ಮ ಕಪಾಟಲ್ಲಿ ಎರಡು ಪ್ರತಿ ಇದೆ, ಯಾರೂ ಮುಟ್ಟಿಲ್ಲ. ಯಾಕೆ ಸಿಗಲಿಲ್ಲ ಅಂತ ಅವರ ಹಾಗೇ ಹುಡುಕಿ ನೋಡ್ದೆ. ಕ್ಯಾಟಲಾಗ್ ಮಾಡುವಾಗ ಶೀರ್ಷಿಕೆಯಲ್ಲಿ ಒಂದು ಅಕ್ಷರ ತಪ್ಪಾಗಿ ಟೈಪ್ ಆಗಿತ್ತು, ವಿಷಯದ ಖಾನೆಯಲ್ಲಿ ಮಣ್ಣು ಅನ್ನೋ ಪದವೇ ಇರಲಿಲ್ಲ, ಬರೀ ಕೃಷಿ ಅಂತಿತ್ತು. ಅಷ್ಟು ವರ್ಷ ಆ ಪುಸ್ತಕ ಅಲ್ಲಿದ್ರೂ ಇರಲಿಲ್ಲ, ಆ ಸಾವಿನ ಸುದ್ದಿ ಥರಾನೇ. ತಿದ್ದಿ, ಪುಸ್ತಕ ತೆಗೆದು ಕೌಂಟರಲ್ಲಿಟ್ಟು, ಅವರಿಗೆ ಬರೆದೆ, ನೀವು ಕೇಳಿದ್ದರಿಂದ ಕ್ಯಾಟಲಾಗ್ ಸರಿಹೋಯ್ತು ಅಂತ. ಅವತ್ತಿಂದ ನಾನು ತಿಂಗಳಿಗೊಂದು ಸಲ ಏನೂ ಸಿಗದೇ ಹೋದ ಹುಡುಕಾಟಗಳ ಪಟ್ಟಿ ತೆಗೆದು ನೋಡ್ತೀನಿ, ಯಾವ ಪದ ಹಾಕಿದಾಗ ಸೊನ್ನೆ ಬಂತು ಅಂತ. ಓದುಗರು ಬಾಯಿಬಿಟ್ಟು ಹೇಳದೇ ಇರೋದೆಲ್ಲ ಆ ಪಟ್ಟಿಯಲ್ಲಿ ಇರುತ್ತೆ. ನಮ್ಮ ದೇಶದಲ್ಲಿ ಲೈಬ್ರರಿ ಸೈನ್ಸಿಗೆ ಬುನಾದಿ ಹಾಕಿದ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಬರೆದ ಐದು ಸೂತ್ರಗಳಲ್ಲಿ ನಾಲ್ಕನೇದು ಓದುಗರ ಸಮಯ ಉಳಿಸಿ ಅನ್ನೋದು, ಲೈಬ್ರರಿ ಸೈನ್ಸ್ ಓದಿದೋರೆಲ್ಲ ಬಾಯಿಪಾಠ ಮಾಡಿರ್ತೀವಿ, ನನಗೆ ಅದು ಮೈಗೆ ಹತ್ತಿದ್ದು ಆ ಸೊನ್ನೆಗಳ ಪಟ್ಟಿ ನೋಡಿದಾಗ.

ದೊಡ್ಡ ಲೈಬ್ರರಿಗಳೂ ಇದೇ ಕೆಲಸ ಮಾಡಿವೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನವರು ಜನವರಿ 2008ರಲ್ಲಿ ಸುಮಾರು 3,000 ಹಳೇ ಫೋಟೋನ ಫ್ಲಿಕರ್ ಅನ್ನೋ ಫೋಟೋ ಹಂಚ್ಕೊಳ್ಳೋ ಸೈಟಿಗೆ ಹಾಕಿದ್ರು. ಜನ ಕಾಮೆಂಟಲ್ಲಿ ಇದು ಇಂಥ ಊರು, ಇವರು ಇಂಥವರು, ನೀವು ಹಾಕಿರೋ ಹೆಸರಿನ ಸ್ಪೆಲ್ಲಿಂಗ್ ತಪ್ಪು ಅಂತೆಲ್ಲ ಬರೆಯೋಕೆ ಶುರು ಮಾಡಿದ್ರು, ಹಳೇ ಪತ್ರಿಕೆ ಸುದ್ದಿ ಹುಡುಕಿ ಸಾಕ್ಷಿ ಸಮೇತ. ಲೈಬ್ರರಿ ಸಿಬ್ಬಂದಿ ಆ ಕಾಮೆಂಟುಗಳನ್ನ ಕೂತು ಓದಿ, ಪರಿಶೀಲಿಸಿ, ನೂರಾರು ಫೋಟೋಗಳ ಮೂಲ ಕ್ಯಾಟಲಾಗ್ ದಾಖಲೆಯನ್ನೇ ತಿದ್ದಿದ್ರು. ಫೋಟೋ ಹಾಕೋದು ಸುಲಭ. ಕಾಮೆಂಟು ಓದೋಕೆ ಅಂತ ಒಬ್ಬರ ಸಮಯ ಮೀಸಲಿಟ್ರಲ್ಲ, ನನಗೆ ದೊಡ್ಡದು ಅನ್ಸಿದ್ದು ಅದು.

ಟೂಲ್ ಆರಿಸುವಾಗ ಒಂದೆರಡು ಎಚ್ಚರಿಕೆ ಹೇಳಲೇಬೇಕು. ಬೇರೆ ಕಂಪನಿಯ ಟೂಲ್ ಯಾವತ್ತು ಬೇಕಾದ್ರೂ ಮುಚ್ಚಿ ಹೋಗಬಹುದು. ಎಷ್ಟೋ ಲೈಬ್ರರಿಗಳು ಚಾಟಿಗೆ ಮೀಬೋ ಬಳಸ್ತಿದ್ವು, 2012ರಲ್ಲಿ ಗೂಗಲ್ ಅದನ್ನ ಕೊಂಡುಕೊಂಡು ಸ್ವಲ್ಪ ದಿನದಲ್ಲೇ ಮುಚ್ಚಿಬಿಡ್ತು. ಸೋಷಿಯಲ್ ಮೀಡಿಯಾ ಪೋಸ್ಟುಗಳನ್ನ ಪೋಣಿಸಿ ಕಥೆ ಮಾಡೋ ಸ್ಟೋರಿಫೈ 2018ರಲ್ಲಿ ಹೋಯ್ತು, ಬ್ರೌಸರಲ್ಲಿ ಆಟ, ಅನಿಮೇಷನ್ ಓಡಿಸ್ತಿದ್ದ ಫ್ಲ್ಯಾಶ್ 2020ರ ಕೊನೆಗೆ ನಿಂತು ಅದರಲ್ಲಿ ಮಾಡಿದ್ದ ಲೈಬ್ರರಿ ಆಟಗಳು, ಪರಿಚಯದ ಪಾಠಗಳೆಲ್ಲ ಬ್ರೌಸರಲ್ಲಿ ತೆರೆಯದ ಹಾಗಾದ್ವು, ಚೀಟಿ ಅಂಟಿಸೋ ಗೂಗಲ್‌ನ ಬೋರ್ಡ್ ಜ್ಯಾಮ್‌ಬೋರ್ಡ್ 2024ರ ಕೊನೆಗೆ ಹೋಯ್ತು. ಆದ್ದರಿಂದ ಓದುಗರು ಬರೆದಿದ್ದನ್ನ ಹೊರಗೆ ತೆಗೆದಿಟ್ಕೊಳ್ಳೋ ದಾರಿ ಇದೆಯಾ ಅಂತ ಮೊದಲೇ ನೋಡಿ, ತಿಂಗಳಿಗೊಮ್ಮೆ ತೆಗೆದೂ ಇಡಿ. ಅದು ಅವರು ನಮಗೆ ಕೊಟ್ಟಿದ್ದು, ಕಳೆಯೋ ಹಕ್ಕು ನಮಗಿಲ್ಲ. ಹಾಗೇ, ಯಾರು ಯಾವ ಪುಸ್ತಕ ಓದ್ತಾರೆ ಅನ್ನೋದು ಅವರ ಗುಟ್ಟು, ಕ್ವಿಝ್ ಆಡಿಸೋ ನೆಪದಲ್ಲಿ ಅವರ ಇಮೇಲು ಫೋನ್ ನಂಬರೆಲ್ಲ ಯಾವುದೋ ಕಂಪನಿಗೆ ಕೊಡಿಸೋದು ನನಗೆ ಸುತರಾಂ ಒಪ್ಪಿಗೆ ಇಲ್ಲ.

ಇನ್ನೊಂದು, ಎಲ್ರ ಕೈಗೂ ಎಟುಕುತ್ತಾ ಅನ್ನೋದು. ನಮ್ಮಲ್ಲಿ ಕಣ್ಣು ಕಾಣದ ಒಬ್ಬ ಓದುಗರು ಪರದೆ ಮೇಲಿರೋದನ್ನ ಓದಿ ಹೇಳೋ ಸ್ಕ್ರೀನ್ ರೀಡರ್ ಹಾಕ್ಕೊಂಡು ವೆಬ್‌ಸೈಟ್ ಬಳಸ್ತಿದ್ರು. ಚೀಟಿಗಳನ್ನ ಎಳೆದು ಎಳೆದು ಅಂಟಿಸೋ ಬೋರ್ಡ್ ಒಂದು ಇಟ್ಟಿದ್ವಲ್ಲ, ಅದನ್ನ ಅವರ ಪಕ್ಕ ಕೂತು ಕೇಳಿಸ್ಕೊಂಡೆ. "ಬಟನ್, ಬಟನ್, ಹೆಸರಿಲ್ಲದ ಚಿತ್ರ, ಬಟನ್" ಅಂತ ಹೇಳ್ತಾ ಹೋಯ್ತು ಕಂಪ್ಯೂಟರು. ಐವತ್ತು ಜನ ಬರೆದಿದ್ರಲ್ಲಿ ಒಂದು ಚೀಟಿನೂ ಅವರ ಕಿವಿಗೆ ಬೀಳಲಿಲ್ಲ. ಅವತ್ತೇ ಆ ಬೋರ್ಡ್ ತೆಗೆದು ಸಾದಾ ಕಾಮೆಂಟ್ ಪೇಜ್ ಮಾಡಿದ್ವಿ. ನೋಡೋಕೆ ಅಷ್ಟು ಚಂದ ಇಲ್ಲ, ಆದ್ರೆ ಅದರಲ್ಲಿ ಮೊದಲ ವಾರವೇ ಅವರು ಬರೆದ್ರು. ಹಳೇ ಫೋನಲ್ಲೂ ಬೇಗ ತೆರೀತಿತ್ತು, ಅದೊಂದು ಲಾಭ.

ಮೊದಲು ಹೇಳಿದ ಚಾಟ್ ಬಾಕ್ಸಿಗೆ ಏನಾಯ್ತು ಅಂತ ಹೇಳ್ತೀನಿ. ಕಿತ್ತು ಹಾಕಿಬಿಡೋಣ ಅಂತ ಕೆಲವರು ಅಂದ್ರು, ನಾನು ಬೇಡ ಅಂದೆ. ಆ ವಿದ್ಯಾರ್ಥಿ ಮಾರನೇ ವಾರ ಕೌಂಟರಿಗೆ ಬಂದಾಗ ಕ್ಷಮೆ ಕೇಳಿ, ಅವನ ಅಕೌಂಟ್ ತೆಗೆದು ನೋಡಿದ್ವಿ. ಪಾಸ್‌ವರ್ಡ್ ಸರಿಯಾಗೇ ಇತ್ತು, ಲೈಬ್ರರಿ ಕಾರ್ಡಿನ ಅವಧಿ ಮುಗಿದಿತ್ತು, ಸಿಸ್ಟಮ್ ಅದನ್ನ ಹೇಳದೇ ಪಾಸ್‌ವರ್ಡ್ ತಪ್ಪು ಅಂತಲೇ ತೋರಿಸ್ತಿತ್ತು. ಆ ಮೆಸೇಜನ್ನ "ನಿಮ್ಮ ಕಾರ್ಡಿನ ಅವಧಿ ಮುಗಿದಿರಬಹುದು, ಇಲ್ಲಿ ಒತ್ತಿ ನೋಡಿ" ಅಂತ ಬದಲಾಯಿಸಿದ್ವಿ, ಲಾಗಿನ್ ಆಗ್ತಿಲ್ಲ ಅನ್ನೋ ಪ್ರಶ್ನೆ ಆಮೇಲೆ ಅರ್ಧಕ್ಕರ್ಧ ಬರೋದೇ ನಿಂತು ಹೋಯ್ತು. ಚಾಟಿಗೆ ದಿನಕ್ಕೊಬ್ಬರ ಹೆಸರು ಹಾಕಿ ಪಟ್ಟಿ ಮಾಡಿದ್ವಿ. ಸಂಜೆ 6ಕ್ಕೆ ಹಸಿರು ಚುಕ್ಕೆ ತಾನಾಗೇ ಆರುತ್ತೆ, ಅದರ ಜಾಗದಲ್ಲಿ "ಈಗ ಇಲ್ಲಿ ಯಾರೂ ಇಲ್ಲ. ಪ್ರಶ್ನೆ ಬರೆದಿಡಿ, ನಾಳೆ ಬೆಳಿಗ್ಗೆ 9:30ರ ಒಳಗೆ ಉತ್ತರ ಬರುತ್ತೆ" ಅಂತ ಬರುತ್ತೆ. ಬೆಳಿಗ್ಗೆ ಬಾಗಿಲು ತೆಗೆದವರು ಬ್ಯಾಗ್ ಇಟ್ಟು ಮೊದಲು ಕೂರೋದೇ ಅದರ ಮುಂದೆ.